ನಾಲ್ಕು ವರ್ಷದ ಮಗಳು, ಹಳೇ ಕೀಬೋರ್ಡ್, ಸಂಗೀತ ಬಾರದ ಅಮ್ಮ: ಮನೆಯಲ್ಲೇ ಪಿಯಾನೊ ಶುರು ಮಾಡಬಹುದಾ?

ವಿದ್ಯಾನಗರದಮ್ಮ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾವಿರುವುದು ದಾವಣಗೆರೆಯಲ್ಲಿ. ಮಗಳಿಗೆ ಹೋದ ತಿಂಗಳು ನಾಲ್ಕು ತುಂಬಿತು, ಎಲ್‌ಕೆಜಿ. ನನ್ನ ತಮ್ಮ ಕಾಲೇಜಲ್ಲಿ ನುಡಿಸುತ್ತಿದ್ದ ಹಳೇ ಕೀಬೋರ್ಡನ್ನು ನಮ್ಮ ಮನೆಗೆ ತಂದು ಬಿಟ್ಟು ಹೋದ. 61 ಕೀ. ಎರಡು ಕೀ ಹಳದಿಯಾಗಿವೆ, ಮಿಕ್ಕಿದ್ದೆಲ್ಲ ಚೆನ್ನಾಗಿದೆ.

ಮೊದಲ ವಾರ ಮಗಳು ಅದನ್ನು ಬಿಟ್ಟು ಏಳಲಿಲ್ಲ. ಮಾಡುತ್ತಿದ್ದುದು ಏನು ಗೊತ್ತಾ? ಡೆಮೊ ಬಟನ್ ಒತ್ತುವುದು, ಎದ್ದು ಕುಣಿಯುವುದು, ಹಾಡು ನಿಂತರೆ ಮತ್ತೆ ಒತ್ತುವುದು. ನಮ್ಮ ಅತ್ತೆಗೆ ಆ ಟ್ಯೂನ್ ಬಾಯಿಪಾಠ ಆಗಿಹೋಗಿದೆ.

ಸುಮ್ನೆ ಕುಣಿಯುವ ಬದಲು ಕಲಿಯಲಿ ಅಂತ ಒಂದು ಕಡೆ ಟ್ರಯಲ್ ಕ್ಲಾಸಿಗೆ ಕರೆದುಕೊಂಡು ಹೋದೆ. ಅದೇ ತಪ್ಪಾಯಿತು ಅನಿಸುತ್ತದೆ. ಮುಕ್ಕಾಲು ಗಂಟೆ ಕೂರಿಸಿದರು. ಐದು ಗೆರೆ ಎಳೆದು, ಅದರ ಮೇಲೆ ಮೊಟ್ಟೆ ಬರೆಸಿದರು. ಕೈ ಗುಂಡಗೆ ಇಟ್ಟುಕೋ, ಬೆನ್ನು ನೆಟ್ಟಗೆ, ಮುಟ್ಟಬೇಡ, ಈಗ ಮುಟ್ಟು. ಹೊರಗೆ ಬಂದಾಗ "ಒಂದು ವರ್ಷದಲ್ಲಿ ಪರೀಕ್ಷೆಗೆ ಕೂರಿಸಬಹುದು" ಅಂದರು. ಮಗಳು ಮನೆಗೆ ಬಂದವಳೇ ಬಾತ್‌ರೂಮಿಂದ ಟವೆಲ್ ತಂದು ಕೀಬೋರ್ಡಿಗೆ ಹೊದಿಸಿದಳು. "ಅದು ಮಲ್ಕೊಂಡಿದೆ" ಅಂದಳು. ನಾಲ್ಕು ದಿನ ಆಯಿತು, ಇನ್ನೂ ಎದ್ದಿಲ್ಲ.

ನನಗೆ ಸಂಗೀತ ಅಷ್ಟಕ್ಕಷ್ಟೆ. ಹೈಸ್ಕೂಲಲ್ಲಿ ಎರಡು ವರ್ಷ ಪಾಠಕ್ಕೆ ಹೋಗಿದ್ದೆ, ಜಂಟಿ ವರಸೆಗೆ ಗಾಡಿ ನಿಂತಿತು. ಪಿಯಾನೊ ಅಂತೂ ಗೊತ್ತೇ ಇಲ್ಲ. ನಾನೇ ಮನೆಯಲ್ಲಿ ಏನಾದರೂ ಹೇಳಿಕೊಡಬಹುದಾ? ಯಾವ ಪುಸ್ತಕ ತರಲಿ? ಕೀ ಮೇಲೆ ಅಕ್ಷರದ ಸ್ಟಿಕ್ಕರ್ ಅಂಟಿಸಲಾ?

ನಿಟುವಳ್ಳಿ ಅಣ್ಣ · ಭಾನುವಾರ ರಾತ್ರಿ

ಮೊದಲು ಡೆಮೊ ಬಟನ್ ಮೇಲೆ ಒಂದು ಬ್ಯಾಂಡೇಜ್ ಹಾಕಿ. "ಅದಕ್ಕೆ ಗಾಯ ಆಗಿದೆ" ಅನ್ನಿ. ಅತ್ತೆಯ ಆಶೀರ್ವಾದ ಸಿಗುತ್ತದೆ.

ಕರಿಬಿಳಿ · ಸೋಮವಾರ ಬೆಳಿಗ್ಗೆ

ಮಕ್ಕಳಿಗೆ ಪಿಯಾನೊ ಹೇಳಿಕೊಡುವುದೇ ನನ್ನ ಕೆಲಸ, ದಾವಣಗೆರೆಯ ಎಂಸಿಸಿ ಬಿ ಬ್ಲಾಕಲ್ಲಿ, ಮನೆಯಲ್ಲೇ. ಹಾಗಾಗಿ ನಾನು "ನನ್ನ ಹತ್ತಿರ ಕಳಿಸಿ" ಅನ್ನಬೇಕಿತ್ತು, ಅಲ್ವಾ? ಅನ್ನುವುದಿಲ್ಲ. ಐದೂವರೆ ಆಗುವವರೆಗೆ ನಾನು ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಆ ವಯಸ್ಸಿಗೆ ಬೇಕಾದವರು ಟೀಚರ್ ಅಲ್ಲ, ದಿನಾ ಐದು ನಿಮಿಷ ಪಕ್ಕದಲ್ಲಿ ಕೂರುವ ಮನೆಯವರು. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಕೂರಿಸಿದರೆ ಟವೆಲ್ಲೇ ಗತಿ.

ಬಿಳಿ ಮನೆ, ಅಂದರೆ ಬಿಳಿ ಕೀ, ಸದ್ಯಕ್ಕೆ ಬಿಡಿ, ಕರಿ ಮನೆಯಿಂದ ಶುರು ಮಾಡಿ. ನಿಮ್ಮ 61 ಕೀಯಲ್ಲಿ 36 ಬಿಳಿ, 25 ಕರಿ. ಬಿಳಿಯೆಲ್ಲ ಸಾಲಾಗಿ ಒಂದೇ ಥರ ಕಾಣುತ್ತವೆ. ಕರಿ ಹಾಗಲ್ಲ. ಎರಡು, ಮೂರು, ಎರಡು, ಮೂರು ಅಂತ ಗುಂಪು ಗುಂಪಾಗಿ ನಿಂತಿವೆ. "ಇಬ್ಬರು ಇರುವ ಮನೆ ಎಲ್ಲಿ? ಮೂವರು ಇರುವ ಮನೆ ಎಲ್ಲಿ?" ಅಂತ ಹುಡುಕಿಸಿ. ಮುಷ್ಟಿ ಕಟ್ಟಿಕೊಂಡೇ ಒತ್ತಲಿ, ಪರವಾಗಿಲ್ಲ. ಒಂದು ವಾರ ಇಷ್ಟೇ.

ಎಡಗಡೆಯ ಕೊನೆ ಆನೆ, ಬಲಗಡೆಯ ಕೊನೆ ಗುಬ್ಬಿ. ನೀವು ಕಣ್ಣು ಮುಚ್ಚಿಸಿ ಒತ್ತಿ, ಆನೆಯಾ ಗುಬ್ಬಿಯಾ ಅಂತ ಅವಳು ಹೇಳಲಿ. ಆಮೇಲೆ ಅವಳು ಒತ್ತಲಿ, ನೀವು ಹೇಳಿ, ಬೇಕಂತಲೇ ಒಂದೆರಡು ಸಲ ತಪ್ಪು ಹೇಳಿ. "ಮೇಲಿನ ಸ್ವರ, ಕೆಳಗಿನ ಸ್ವರ" ಅನ್ನಬೇಡಿ. ಕೀಬೋರ್ಡಲ್ಲಿ ಯಾವುದೂ ಮೇಲೆ ಇಲ್ಲ, ಎಡ ಬಲ ಮಾತ್ರ. "ಮೇಲಿನದು ಒತ್ತು" ಅಂದರೆ ನಾಲ್ಕು ವರ್ಷದ ಮಗು ಫ್ಯಾನ್ ನೋಡುತ್ತದೆ. ನಾನೇ ನೋಡಿದ್ದೇನೆ.

ಕೂರುವುದು ಮುಖ್ಯ. ಮೊಣಕೈ ಕೀ ಮಟ್ಟಕ್ಕೆ ಬರಬೇಕು, ಕಾಲು ನೇತಾಡಬಾರದು. ಕುರ್ಚಿ ಮೇಲೆ ದಿಂಬು, ಕಾಲಡಿಗೆ ಊಟದ ಮಣೆ, ಮುಗಿಯಿತು. ಕಾಲು ನೇತಾಡಿದರೆ ಸೊಂಟ ಅಲುಗಾಡುತ್ತದೆ, ಸೊಂಟ ಅಲುಗಿದರೆ ಕೈ ಬಿಗಿಯುತ್ತದೆ.

ಮುಷ್ಟಿ ಬೇಜಾರಾದ ಮೇಲೆ ನಡುಬೆರಳು ಒಂದೇ. ಒಳಗಿನಿಂದ ಹೆಬ್ಬೆರಳು ಅದಕ್ಕೆ ಆಸರೆ ಕೊಡಲಿ, ಉಪ್ಪು ಹಿಡಿಯುವ ಹಾಗೆ. ಈ ವಯಸ್ಸಿನ ಬೆರಳಿನ ತುದಿಗೆಣ್ಣು ಒಳಕ್ಕೆ ಮಡಚುತ್ತದೆ. ಅದನ್ನು ಬೈದು ಸರಿ ಮಾಡಲು ಆಗುವುದಿಲ್ಲ. ಐದೂ ಬೆರಳು ಸಾಲಾಗಿ ಇಡಿಸುವುದು ಆಮೇಲಿನ ಮಾತು.

ಪುಸ್ತಕ ಬೇಡ. ಸ್ಟಿಕ್ಕರ್ ಬೇಡವೇ ಬೇಡ. ವಾಲ್ಯೂಮ್ ಅರ್ಧಕ್ಕಿಂತ ಕಡಿಮೆ ಇಡಿ.

ಸುಮ್ನೆ ಓದುವವ · ಸೋಮವಾರ ಮಧ್ಯಾಹ್ನ

ಬೇಜಾರು ಮಾಡಿಕೊಳ್ಳಬೇಡಿ, ಇದೆಲ್ಲಾ ನಾಲ್ಕು ವರ್ಷಕ್ಕೆ ಬೇಕಾ? ನಮ್ಮ ಅಪಾರ್ಟ್‌ಮೆಂಟಲ್ಲಿ ಒಂದು ಮಗುವಿಗೆ ಅಬ್ಯಾಕಸ್, ಚೆಸ್, ಭರತನಾಟ್ಯ, ಫೋನಿಕ್ಸ್. ಭಾನುವಾರ ಅದು ಮೆಟ್ಟಿಲ ಮೇಲೆ ಸುಮ್ನೆ ಕೂತಿರುತ್ತದೆ. "ಪಿಯಾನೊ ಕಲಿತರೆ ಗಣಿತ ಬರುತ್ತದೆ" ಅಂತ ನನಗೂ ಒಂದು ಜಾಹೀರಾತು ಬಂದಿತ್ತು. ಮಣ್ಣಲ್ಲಿ ಆಡಲು ಬಿಡಿ ಸ್ವಾಮಿ.

ಕರಿಬಿಳಿ · ಸೋಮವಾರ ಮಧ್ಯಾಹ್ನ

ಗಣಿತ ಬೇಕಿದ್ದರೆ ಗಣಿತ ಹೇಳಿಕೊಡಿ, ಪಿಯಾನೊ ಯಾಕೆ? ಆ ವಿಷಯದಲ್ಲಿ ನಾನು ನಿಮ್ಮ ಕಡೆಯೇ. ಆದರೆ ಇಲ್ಲಿ ಮಗು ಕೀಬೋರ್ಡಿಗೆ ತಾನೇ ಹೋಗಿದೆ. ಅದೂ ಅದಕ್ಕೆ ಮಣ್ಣೇ. ಆಟದ ಹಾಗೇ ಇರಲಿ ಅಂತ ನಾನು ಹೇಳುತ್ತಿರುವುದು.

ಪೇಟಿ ಮಾಸ್ತರ · ಸೋಮವಾರ ರಾತ್ರಿ

ನಾನು ಎಪ್ಪತ್ತು ದಾಟಿದವನು, ಮೊಮ್ಮಗ ಟೈಪ್ ಮಾಡಿ ಕೊಡುತ್ತಿದ್ದಾನೆ. ತಪ್ಪಿದ್ದರೆ ಅವನದು.

ನಮ್ಮ ತಂದೆ ನಾಟಕ ಕಂಪನಿಗಳಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತಿದ್ದರು. ದಾವಣಗೆರೆ ಆಗ ನಾಟಕದವರ ಊರು. ಚಿಂದೋಡಿ ಲೀಲಾ ಅವರ ಕೆಬಿಆರ್ ಕಂಪನಿ ಹೆಸರು ಕೇಳದವರು ಯಾರಿದ್ದರು? ನಮ್ಮ ತಂದೆ ಅಂಥ ದೊಡ್ಡ ಕಂಪನಿಯವರಲ್ಲ. ಜಾತ್ರೆಯಿಂದ ಜಾತ್ರೆಗೆ ಡೇರೆ ಕಿತ್ತುಕೊಂಡು ಹೋಗುವ ಸಣ್ಣ ಕಂಪನಿ. ಅವರದು ಕಾಲು ಪೆಟ್ಟಿಗೆ. ಕಾಲಲ್ಲಿ ಗಾಳಿ ತುಳಿಯುವುದು, ಎರಡೂ ಕೈ ಮನೆಗಳ ಮೇಲೆ. ರಾತ್ರಿ ಆಟ ನಡೆಯುವಾಗ ನಾನು ಆ ತುಳಿಯುವ ಹಲಗೆಯ ಪಕ್ಕದಲ್ಲೇ ಗೋಣಿ ಹಾಸಿಕೊಂಡು ಮಲಗುತ್ತಿದ್ದೆ. ಹಲಗೆ ಕಿರ್ ಅನ್ನುವುದು, ಗಾಳಿ ಉಸ್ ಅನ್ನುವುದು, ಮೇಲಿಂದ ಕಂದ ಪದ್ಯ. ಯಾವ ಪದ್ಯಕ್ಕೆ ಯಾವ ರಾಗ ಅಂತ ನನಗೆ ಯಾರೂ ಹೇಳಿಕೊಡಲಿಲ್ಲ. ಆರು ವರ್ಷಕ್ಕೆ ಪೆಟ್ಟಿಗೆ ಮುಟ್ಟಿದಾಗ ಬೆರಳಿಗೆ ಗೊತ್ತಿರಲಿಲ್ಲ, ಕಿವಿಗೆ ಗೊತ್ತಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಕರಿಬಿಳಿ ತಾಯಿ ಕರಿ ಮನೆ ಅಂದರಲ್ಲ, ಅದರ ಗುಟ್ಟು ಹೇಳಲಿಲ್ಲ. ಮೂರು ಕರಿ ಮನೆಗಳ ಗುಂಪಿನಲ್ಲಿ ಎಡಗಡೆಯದನ್ನು ಸ ಅಂತ ಹಿಡಿಯಿರಿ. ಅಲ್ಲಿಂದ ಬಿಳಿ ಮುಟ್ಟದೆ ಬಲಕ್ಕೆ ಹೋಗಿ. ಸ ರಿ ಗ ಪ ದ ಸ. ಅದು ಹಿಂದೂಸ್ತಾನಿಯ ಭೂಪ್ ರಾಗ. ಕರ್ನಾಟಕ ಸಂಗೀತದವರ ಮೋಹನ. ಮಗು ಎಲ್ಲಿ ಒತ್ತಿದರೂ ಅಪಸ್ವರ ಆಗುವುದಿಲ್ಲ, ಯಾಕೆಂದರೆ ಜಗಳ ಆಡುವ ಸ್ವರಗಳು ಆ ಓಣಿಯಲ್ಲೇ ಇಲ್ಲ. ಅದೇ ಗುಂಪಿನ ಬಲಗಡೆಯದನ್ನು ಸ ಮಾಡಿದರೆ ಮಾಲಕಂಸ, ನಿಮ್ಮ ಹಿಂದೋಳ. ಇಬ್ಬರಿರುವ ಗುಂಪಿನ ಮೊದಲನೆಯದು ಸ ಆದರೆ ದುರ್ಗಾ, ಅಂದರೆ ಶುದ್ಧ ಸಾವೇರಿ. ಮನೆ ಅವೇ ಐದು, ಯಜಮಾನ ಬೇರೆ.

ಹೀಗೆ ಮಾಡಿ. ನೀವು ಎಡಗಡೆ ಕೂತು ಸ ಮತ್ತು ಪ ಎರಡನ್ನೂ ನಿಧಾನಕ್ಕೆ ಒತ್ತುತ್ತಿರಿ, ತಂಬೂರಿ ಥರ. ಅವಳು ಬಲಗಡೆ ಕರಿ ಮನೆಗಳಲ್ಲಿ ಅಡ್ಡಾಡಲಿ. ನೀವು ಸ ಬಿಟ್ಟು ಕದಲಬೇಡಿ. ಎರಡು ದಿನದಲ್ಲಿ ನೋಡಿ, ಅವಳೇ ಅಡ್ಡಾಡಿ ಬಂದು ಸ ಮೇಲೆ ನಿಲ್ಲುತ್ತಾಳೆ.

ಇನ್ನೊಂದು. ಬಾಯಲ್ಲಿ ಹಾಡಿಸುವುದನ್ನು ಬಿಡಬೇಡಿ. 1940ರಲ್ಲಿ ಆಕಾಶವಾಣಿಯವರು ಹಾರ್ಮೋನಿಯಂ ಅನ್ನೇ ಹೊರಗಿಟ್ಟಿದ್ದರು, 1971ರವರೆಗೂ ಬಾಗಿಲು ತೆರೆಯಲಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಬರುವುದಿಲ್ಲ ಅನ್ನುವುದು ಅದರ ಮೇಲಿದ್ದ ದೊಡ್ಡ ದೂರು. ಪಿಯಾನೊಗೂ ಅದೇ ಕೊರತೆ. ಮಗುವಿನ ಗಂಟಲಿಗೆ ಆ ಕೊರತೆ ಇಲ್ಲ.

ವಿದ್ಯಾನಗರದಮ್ಮ · ಮಂಗಳವಾರ

ಮಾಸ್ತರರೇ, ಓದುತ್ತಾ ಓದುತ್ತಾ ಆ ಗೋಣಿ ಮೇಲೆ ನಾನೂ ಮಲಗಿದ್ದೆ. ಒಂದು ಸಂಶಯ: ಮಗಳಿಗೆ ಸಿ ಡಿ ಇ ಅನ್ನಲಾ, ಸ ರಿ ಗ ಅನ್ನಲಾ? ನನಗೆ ಬರುವುದು ಸರಳೆ ವರಸೆ, ಕರ್ನಾಟಕ ಸಂಗೀತದ ಮೊದಲ ಪಾಠ. ಅದನ್ನೇ ಬಿಳಿ ಮನೆ ಮೇಲೆ ನುಡಿಸಿದರೆ ಆಗಲ್ವಾ?

ಕರಿಬಿಳಿ · ಮಂಗಳವಾರ

ಸಿ ಅನ್ನುವುದು ಬಾಗಿಲ ಮೇಲಿನ ಮನೆ ನಂಬರ್, ಬದಲಾಗುವುದಿಲ್ಲ. ಸ ಅನ್ನುವುದು ಮಾಸ್ತರರು ಹೇಳಿದ ಯಜಮಾನ, ಯಾವ ಮನೆಯಲ್ಲಾದರೂ ಹೋಗಿ ಕೂರುತ್ತಾನೆ. ಎರಡನ್ನೂ ಒಟ್ಟಿಗೆ ತುಂಬಿದರೆ ಮಗುವಿಗೆ ಗೊಂದಲ. ಹಾಡುವಾಗ ಸ ರಿ ಗ ಇರಲಿ. ಕೀಗೆ ಹೆಸರು ಈಗಲೇ ಬೇಡ. ಆರು ವರ್ಷಕ್ಕೆ ನಂಬರ್ ಓದಲಿ.

ಪೇಟಿ ಮಾಸ್ತರ · ಮಂಗಳವಾರ

ಸಿಯಿಂದ ಬರೀ ಬಿಳಿ ಮೇಲೆ ಹೋದರೆ ಅದು ಶಂಕರಾಭರಣ, ಹಿಂದೂಸ್ತಾನಿಯ ಬಿಲಾವಲ್. ನೀವು ಕಲಿತ ಸರಳೆ ಮಾಯಾಮಾಳವಗೌಳದ್ದು. ಅದಕ್ಕೆ ರಿ ಮತ್ತು ದ ಕರಿ ಮನೆಯಲ್ಲಿ ಬೇಕು: ಇಬ್ಬರ ಗುಂಪಿನ ಮೊದಲನೆಯದು, ಮೂವರ ಗುಂಪಿನ ನಡುವಿನದು. ನೀವು ನುಡಿಸಿ ನೋಡಿ. ಮಗಳಿಗೆ ಈಗ ಬೇಡ.

ಕೋಟೆ ಅಪ್ಪ · ಬುಧವಾರ

ಚಿತ್ರದುರ್ಗದಿಂದ. ಸ್ಟಿಕ್ಕರ್ ವಿಷಯಕ್ಕೆ ನನ್ನ ಅನುಭವ ಕೇಳಿ, ನನಗೆ ಅವಳಿ ಗಂಡು ಮಕ್ಕಳು, ಈಗ ಐದು. ಹೋದ ವರ್ಷ ಬಣ್ಣ ಬಣ್ಣದ ಅಕ್ಷರದ ಸ್ಟಿಕ್ಕರ್ ತರಿಸಿ, ಒಂದು ಭಾನುವಾರ ಪೂರ್ತಿ ಕೂತು 36 ಬಿಳಿ ಕೀಗೂ ಅಂಟಿಸಿದೆ. ಸಾಲಾಗಿ, ಸ್ಕೇಲ್ ಇಟ್ಟು. ಹೆಂಡತಿ ಫೋಟೊ ತೆಗೆದಳು.

ಏಪ್ರಿಲ್ ಬಂತು. ನಮ್ಮೂರಲ್ಲಿ ಬಿಸಿಲು ಬಂದರೆ ಬಂಡೆ ರಾತ್ರಿ ಹತ್ತಕ್ಕೂ ಬಿಸಿ ಇರುತ್ತದೆ. ಅಂಟು ಕರಗಿ ಕೀಗಳ ಸಂದಿಗೆ ಇಳಿಯಿತು. ಒಂದು ಒತ್ತಿದರೆ ಪಕ್ಕದ್ದೂ ಜೊತೆಗೆ ಇಳಿಯುವುದು. ನೇಲ್ ಪಾಲಿಶ್ ತೆಗೆಯುವ ನೀರು ಹಾಕಿ ಒರೆಸಿದೆ. ಅಂಟು ಹೋಯಿತು, ಜೊತೆಗೆ ಕೀ ಮೇಲಿನ ಹೊಳಪೂ ಹೋಯಿತು. ಈಗ ನಾಲ್ಕು ಕೀ ಸೀಮೆಸುಣ್ಣದ ಥರ ಇವೆ.

ಅದು ಹಾಳಾಗಲಿ. ಬೇರೆ ಏನಾಗಿತ್ತು ಅಂದರೆ, ಹುಡುಗರು ಬಣ್ಣ ನೋಡಿ ಒತ್ತುತ್ತಿದ್ದರು, ಕೇಳಿ ಒತ್ತುತ್ತಿರಲಿಲ್ಲ. ಕೆಂಪು ಕೆಂಪು ಹಸಿರು ಹಸಿರು. ದಾವಣಗೆರೆಯಲ್ಲಿ ಅವರ ದೊಡ್ಡಪ್ಪನ ಮನೆಯಲ್ಲಿ ಕೀಬೋರ್ಡ್ ಇದೆ, ಅದಕ್ಕೆ ಸ್ಟಿಕ್ಕರ್ ಇಲ್ಲ. ಇಬ್ಬರೂ ಅದರ ಮುಂದೆ ಕೂತು ಸುಮ್ಮನಾಗಿಬಿಟ್ಟರು. ಒಬ್ಬ ನನ್ನ ಮುಖ ನೋಡಿ "ಅಪ್ಪಾ, ಇದು ಖಾಲಿ" ಅಂದ.

ಶಾಮನೂರು ರೋಡ್ · ಬುಧವಾರ

ಇಷ್ಟೊಂದು ಹೆದರಿಸಬೇಡಿ. ನಾವು ಒಂದೇ ಒಂದು ಕೆಂಪು ಚುಕ್ಕಿ ಅಂಟಿಸಿದ್ದೆವು, ನಡುವಿನ ಸಿಗೆ. ಬಿಂದಿ. ಏನೂ ತೊಂದರೆ ಆಗಲಿಲ್ಲ. ಎಲ್ಲಿ ಕೂರಬೇಕು ಅಂತ ಮಗುವಿಗೆ ಗೊತ್ತಾಗಬೇಕಲ್ಲ?

ಕರಿಬಿಳಿ · ಬುಧವಾರ

ಒಂದು ಬಿಂದಿ ಒಪ್ಪಿದೆ. "ಸ್ಟಿಕ್ಕರ್ ಬೇಡವೇ ಬೇಡ" ಅಂದಿದ್ದನ್ನು ಅಷ್ಟರ ಮಟ್ಟಿಗೆ ವಾಪಸ್ ತೆಗೆದುಕೊಳ್ಳುತ್ತೇನೆ. ಇಬ್ಬರ ಗುಂಪಿನ ಎಡಗಡೆಯ ಬಿಳಿ ಮನೆ ಯಾವಾಗಲೂ ಸಿ. 61 ಕೀಯಲ್ಲಿ ಸಾಮಾನ್ಯವಾಗಿ ಎಡದಿಂದ ಮೂರನೇ ಸಿ ನಡುವಿನದು. ಕರಿ ಗುಂಪು ಹುಡುಕಲು ಬಂದರೆ ಬಿಂದಿಯೂ ತಾನಾಗಿ ಉದುರುತ್ತದೆ.

ಹರಿಹರದ ಟೀಚರ್ · ಗುರುವಾರ

ನಾನು ನರ್ಸರಿ ಟೀಚರ್. ಪಿಯಾನೊ ಗೊತ್ತಿಲ್ಲ, ನಾಲ್ಕು ವರ್ಷದವರು ಗೊತ್ತು. ಎಡ ಬಲ ಇನ್ನೂ ಗಟ್ಟಿಯಾಗಿರುವುದಿಲ್ಲ. ಎಡಗೈಗೆ ಒಂದು ಬಳೆ ಹಾಕಿ, "ಬಳೆ ಕೈ" ಅನ್ನಿ. ಉಂಗುರದ ಬೆರಳು ಒಂದನ್ನೇ ಎತ್ತು ಅಂದರೆ ಅವರ ಕೈಯಲ್ಲಿ ಆಗುವುದಿಲ್ಲ, ಹಟ ಅಲ್ಲ ಅದು. ಚಪಾತಿ ಹಿಟ್ಟು ಕೊಡಿ, ಹುರಿದ ಕಡಲೆಯಿಂದ ಸಿಪ್ಪೆ ಬಿಡಿಸಲು ಕೊಡಿ, ಬೆರಳು ತಾನಾಗಿ ಬಿಡಿಯಾಗುತ್ತವೆ.

ತಾಳಕ್ಕೆ ನಾವು ತಿಂಡಿ ಹೆಸರು ಬಳಸುತ್ತೇವೆ. "ದೋ-ಸೆ" ಅಂದರೆ ನಿಧಾನಕ್ಕೆ ಎರಡು ಪೆಟ್ಟು. "ಬೆಣ್ಣೆದೋಸೆ" ಅಂದರೆ ಅಷ್ಟೇ ಹೊತ್ತಿನಲ್ಲಿ ನಾಲ್ಕು, ಅಂದರೆ ತಕಧಿಮಿ. "ಮಂಡಕ್ಕಿ" ಮೂರು, ತಕಿಟ. ಮೊದಲು ಚಪ್ಪಾಳೆ, ಆಮೇಲೆ ತೊಡೆ ಮೇಲೆ, ಆಮೇಲೆ ನಿಮ್ಮ ಕರಿ ಮನೆ ಮೇಲೆ. ಒಂದೇ ಮನೆ ಸಾಕು, ಸ್ವರ ಬದಲಾಗಬೇಕಿಲ್ಲ.

ಮತ್ತೆ, "ಇನ್ನೂ ಬೇಕು" ಅನ್ನುವಾಗಲೇ ನಿಲ್ಲಿಸಿ. ಸಾಕಾಯಿತು ಅಂದ ಮೇಲೆ ನಿಲ್ಲಿಸಿದರೆ ಮರುದಿನ ಕರೆಯಬೇಕಾಗುತ್ತದೆ.

ನಿಟುವಳ್ಳಿ ಅಣ್ಣ · ಗುರುವಾರ

ಬೆಳಿಗ್ಗೆಯಿಂದ ಟೇಬಲ್ ಮೇಲೆ ಮಂಡಕ್ಕಿ ಬೆಣ್ಣೆದೋಸೆ ಅಂತ ಕುಟ್ಟುತ್ತಿದ್ದೇನೆ. ಮ್ಯಾನೇಜರ್ ಕರೆದಿದ್ದಾರೆ.

ವಿದ್ಯಾನಗರದಮ್ಮ · ಎರಡನೇ ಭಾನುವಾರ

ಟವೆಲ್ ಸಮಾಚಾರ. ನಾನೇ ತೆಗೆಯುವುದು ಬೇಡ ಅಂತ ಬಿಟ್ಟಿದ್ದೆ. ಶುಕ್ರವಾರ ರಾತ್ರಿ ಅವಳು ಹಾಲು ಕುಡಿಯುತ್ತಾ ಕೂತಿದ್ದಾಗ ನಾನು ಟವೆಲ್ ಒಳಗೇ ಕೈ ಹಾಕಿ ಮಾಸ್ತರರ ಭೂಪ್ ಹುಡುಕತೊಡಗಿದೆ. ಕಣ್ಣಿಗೆ ಕಾಣದಿದ್ದರೂ ಕರಿ ಮನೆ ಬೆರಳಿಗೆ ಸಿಗುತ್ತವೆ. ಸಿಕ್ಕಿತು, ಹತ್ತಿದೆ, ಇಳಿಯುವಾಗ ಜಾರಿ ಒಂದು ಬಿಳಿಗೆ ತಗುಲಿತು. ಹಿಂದಿನಿಂದ "ತಪ್ಪು" ಅಂತ ದನಿ ಬಂತು. ಮತ್ತೆ ನುಡಿಸಿದೆ, ಮತ್ತೆ ತಪ್ಪಿತು. ಲೋಟ ಕೆಳಗಿಟ್ಟು ಬಂದಳು. "ನಂಗೆ ಕೊಡು" ಅಂತ ಟವೆಲ್ ಒಳಗೆ ಅವಳೂ ಕೈ ತೂರಿಸಿದಳು. ಇಬ್ಬರ ನಾಲ್ಕು ಕೈ, ಮೇಲೆ ಟವೆಲ್ ಅಲುಗಾಡುತ್ತಿದೆ. "ಇಲ್ಲಿ ಮೂರು ಜನ ಇದ್ದಾರೆ!" ಅಂತ ಕೂಗಿದಳು. ನನ್ನ ಬೆರಳಿಗಿಂತ ಮೊದಲು ಅವಳಿಗೆ ಸಿಕ್ಕಿತು.

ಕರಿಬಿಳಿ · ಎರಡನೇ ಭಾನುವಾರ

ಟವೆಲ್ ತೆಗೆಯಲೇಬೇಡಿ! ದೊಡ್ಡ ಮಕ್ಕಳಿಗೆ ಕೀ ನೋಡದೆ ನುಡಿಸು ಅಂತ ನಾನು ವರ್ಷಗಟ್ಟಲೆ ಹೇಳುತ್ತೇನೆ, ನಿಮ್ಮ ಮಗಳು ಕೋಪದಲ್ಲಿ ದಾರಿ ಮಾಡಿಕೊಂಡಿದ್ದಾಳೆ.

ಇನ್ನೊಂದು ನೀವು ಗೊತ್ತಿಲ್ಲದೆ ಸರಿ ಮಾಡಿದಿರಿ. ಜಪಾನಿನ ಪಿಟೀಲು ಗುರು ಶಿನಿಚಿ ಸುಜುಕಿ ಅಂತ ಇದ್ದರು, 1898ರಿಂದ 1998ರವರೆಗೆ ಬದುಕಿದವರು. ಮಗು ತಾಯ್ನುಡಿ ಕಲಿಯುವ ಹಾಗೇ ಸಂಗೀತವನ್ನೂ ಕಲಿಯಬಲ್ಲದು ಅನ್ನುವುದು ಅವರ ದಾರಿ. ಮೊದಲು ದಿನಾ ಕೇಳಬೇಕು, ಓದುವುದು ಎಷ್ಟೋ ಆಮೇಲೆ. ಆ ದಾರಿಯಲ್ಲಿ ಅಮ್ಮನೋ ಅಪ್ಪನೋ ಮೊದಲು ವಾದ್ಯ ಹಿಡಿಯುತ್ತಾರೆ. ಮಗು ನೋಡಿ ತನಗೂ ಬೇಕು ಅನ್ನುತ್ತದೆ. ನೀವು ತಪ್ಪು ನುಡಿಸಿದ್ದು ಇನ್ನೂ ಒಳ್ಳೆಯದಾಯಿತು.

ಕೋಟೆ ಅಪ್ಪ · ಮೂರನೇ ವಾರ

ಮಧ್ಯೆ ಒಂದು ಪ್ರಶ್ನೆ. ಬೆಂಗಳೂರಲ್ಲಿ ನಮ್ಮ ಪರಿಚಯದವರ ಮನೆಯಲ್ಲಿ ನಿಜವಾದ ಪಿಯಾನೊ ಇದೆ, ಗೋಡೆಗೆ ನಿಲ್ಲಿಸುವಂಥದ್ದು. ಮನೆ ಬದಲಿಸುತ್ತಿದ್ದಾರೆ, ಸುಮ್ಮನೆ ತೆಗೆದುಕೊಂಡು ಹೋಗಿ ಅನ್ನುತ್ತಿದ್ದಾರೆ. ತರಲಾ?

ಕರಿಬಿಳಿ · ಮೂರನೇ ವಾರ

ಸುಮ್ಮನೆ ಸಿಗುವ ಪಿಯಾನೊ ಸುಮ್ಮನೆ ಅಲ್ಲ. ಇನ್ನೂರು ಕೆಜಿ ಆಸುಪಾಸು ಭಾರ, ಒಳಗೆ ಸುಮಾರು 230 ತಂತಿ, ಎಲ್ಲ ಸೇರಿ ಚೌಕಟ್ಟಿನ ಮೇಲೆ ಹತ್ತಾರು ಟನ್ ಎಳೆತ. ವರ್ಷಕ್ಕೆ ಒಂದೆರಡು ಸಲ ಶ್ರುತಿ ಮಾಡಿಸಬೇಕು. ಶ್ರುತಿ ಮಾಡುವವರು ನಿಮ್ಮಲ್ಲಿಗೆ ಬರಲು 200 ಕಿಲೋಮೀಟರ್. ಹಲಗೆ ಬಿರಿದಿದೆಯಾ, ಶ್ರುತಿ ಗೂಟ ಸಡಿಲವಾ ಅಂತ ಬಲ್ಲವರಿಂದ ನೋಡಿಸದೆ ಲಾರಿ ಹತ್ತಿಸಬೇಡಿ.

ಆದರೂ ಆಸೆ ತಪ್ಪಲ್ಲ. ಕ್ರಿಸ್ಟೊಫೊರಿ ಎಂಬ ಇಟಲಿಯವನು 1700ರ ಸುಮಾರಿಗೆ ಇದನ್ನು ಮಾಡಿದ್ದೇ ಮೆತ್ತಗೆ ಒತ್ತಿದರೆ ಮೆತ್ತಗೆ, ಜೋರಾಗಿ ಒತ್ತಿದರೆ ಜೋರು ಬರಲಿ ಅಂತ. ಪಿಯಾನೊ ಅಂದರೇ ಇಟಲಿಯ ಮಾತಲ್ಲಿ ಮೆತ್ತಗೆ. ನಿಮ್ಮ ಕೀಬೋರ್ಡಲ್ಲಿ ಟಚ್ ಅನ್ನುವ ಬಟನ್ ಇದೆಯಾ ನೋಡಿ. ಇದ್ದರೆ ಆನ್ ಮಾಡಿ. ಅದಿಲ್ಲದ್ದು ಆಟಿಕೆ. ಮುಂದೆ ಮಕ್ಕಳು ಕಲಿಯುವುದನ್ನು ಬಿಡದಿದ್ದರೆ, 88 ಕೀಯ ಭಾರದ ಕೀ ಇರುವ ಡಿಜಿಟಲ್ ಪಿಯಾನೊ ನೋಡಬಹುದು. ಅದಕ್ಕೆ ಶ್ರುತಿ ತಲೆನೋವಿಲ್ಲ.

ಹರಿಹರದ ಟೀಚರ್ · ಮೂರನೇ ವಾರ

ಮೆತ್ತಗೆ ಜೋರಿಗೆ ಆಟ: "ಅಜ್ಜಿ ಮಲಗಿದ್ದಾರೆ" ಅಂದರೆ ಮೆತ್ತಗೆ, "ದುಗ್ಗಮ್ಮನ ಜಾತ್ರೆ" ಅಂದರೆ ಜೋರು. ಜಾತ್ರೆ ಎರಡು ವರ್ಷಕ್ಕೊಮ್ಮೆ ಮಾತ್ರ ಅಂತ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ದಿನಾ ಜಾತ್ರೆ.

ವಿದ್ಯಾನಗರದಮ್ಮ · ಆರನೇ ವಾರ

ಈ ಸಲ ಒಳ್ಳೆ ಸುದ್ದಿ ಇಲ್ಲ. ತಪ್ಪು ನನ್ನದೇ, ಅದಕ್ಕೇ ಬರೆಯುತ್ತಿದ್ದೇನೆ.

ದಿನಾ ಐದು ನಿಮಿಷ ಚೆನ್ನಾಗಿ ನಡೆಯುತ್ತಿತ್ತು. ಸ ರಿ ಗ ರಿ ಸ ಹತ್ತಿ ಇಳಿಯುವುದನ್ನು ಅವಳೇ ಕಂಡುಕೊಂಡಳು, "ಅಜ್ಜಿ ಮೆಟ್ಟಿಲು" ಅಂತ ಹೆಸರಿಟ್ಟಳು. ಯಾಕೆಂದರೆ ಅತ್ತೆ ಮಹಡಿ ಹತ್ತುವಾಗ ಮಧ್ಯೆ ಒಂದೊಂದು ಸಲ ನಿಂತು ವಾಪಸ್ ಇಳಿಯುತ್ತಾರೆ. ನನಗೆ ಉಬ್ಬಿ ಹೋಯಿತು. ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ನೆಂಟರೆಲ್ಲ ಪ್ರಸಾದ ತಿಂದು ಕೂತಿದ್ದರು. "ಅಜ್ಜಿ ಮೆಟ್ಟಿಲು ನುಡಿಸು ಚಿನ್ನಿ" ಅಂದೆ. ಮೂರು ಜನ ಮೊಬೈಲ್ ಎತ್ತಿದರು. ಅವಳು ಕೂತಳು, ಒಂದು ಸಲ ಒತ್ತಿದಳು, ನನ್ನ ಸೀರೆ ಸೆರಗಿನ ಒಳಗೆ ಹೊಕ್ಕಳು. ಮಾವನವರು "ಇಷ್ಟೇನಾ?" ಅಂತ ನಕ್ಕರು. ಎಲ್ಲರೂ ನಕ್ಕರು. ಬೇಕಂತ ಅಲ್ಲ.

ಮರುದಿನ ನಾನು ಇನ್ನೊಂದು ತಪ್ಪು ಮಾಡಿದೆ. "ನಿನ್ನೆ ಯಾಕೆ ನುಡಿಸಲಿಲ್ಲ, ಬಾ ಈಗ ಸರಿಯಾಗಿ ನುಡಿಸು" ಅಂತ ಕೂರಿಸಿದೆ. ಎರಡು ಕೈಯಲ್ಲೂ ದಬದಬ ಬಡಿದಳು. ನಾನು ಕೈ ಹಿಡಿದುಕೊಂಡೆ, ಸ್ವಲ್ಪ ಗಟ್ಟಿಯಾಗಿಯೇ. ಅತ್ತಳು. ಟವೆಲ್ ಮತ್ತೆ ಬಂದಿದೆ.

ಸುಮ್ನೆ ಓದುವವ · ಆರನೇ ವಾರ

ನಾನು ಮೊದಲೇ ಹೇಳಿದ್ದೆ ಅಂತ ಬರೆಯಲು ಹೊರಟೆ, ಅಳಿಸಿದೆ. ನನಗೂ ಚಿಕ್ಕವನಿದ್ದಾಗ ನೆಂಟರ ಮುಂದೆ ಮಗ್ಗಿ ಹೇಳಿಸುತ್ತಿದ್ದರು. ಹದಿನೇಳರ ಮಗ್ಗಿ ಈಗಲೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬಿಡಿ, ನಾಲ್ಕು ದಿನ ಏನೂ ಮಾಡಬೇಡಿ.

ಪೇಟಿ ಮಾಸ್ತರ · ಆರನೇ ವಾರ

ಮಗಳೇ, ಇದು ಎಲ್ಲರ ಮನೆಯಲ್ಲೂ ಆಗುವುದೇ. ನಮ್ಮ ತಂದೆ ನನ್ನನ್ನು ಏಳು ವರ್ಷಕ್ಕೆ ರಂಗದ ಮುಂದೆ ಕೂರಿಸಿದರು, ನಾನು ಪೆಟ್ಟಿಗೆ ಬಿಟ್ಟು ಡೇರೆ ಹಿಂದಕ್ಕೆ ಓಡಿಹೋಗಿದ್ದೆ. ಅವರು ಬೈಯಲಿಲ್ಲ. ಮರುದಿನ ತಾವೊಬ್ಬರೇ ಕೂತು ನುಡಿಸುತ್ತಿದ್ದರು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ತಡೆಯಲಾಗಲಿಲ್ಲ. ನೀವು ನುಡಿಸಿ. ಅವಳನ್ನು ಕರೆಯಬೇಡಿ.

ಕರಿಬಿಳಿ · ಆರನೇ ವಾರ

ಮಾಸ್ತರರ ಮಾತಿಗೆ ಇಷ್ಟು ಸೇರಿಸುತ್ತೇನೆ: ದಬದಬ ಬಡಿದದ್ದು ಅವಳಿಗೆ ಗೊತ್ತಿದ್ದ ಒಂದೇ ಉತ್ತರ. ಇನ್ನೊಮ್ಮೆ ಬಡಿದರೆ ಕೈ ಹಿಡಿಯಬೇಡಿ, ನೀವೂ ಆನೆ ಕಡೆಯಿಂದ ಒಂದು ಬಡಿಯಿರಿ. ಜಗಳ ಅಲ್ಲಿಗೆ ಆಟ ಆಗುತ್ತದೆ. ಮತ್ತೆ ಮೊಬೈಲಲ್ಲಿ ರೆಕಾರ್ಡ್ ಮಾಡುವುದು ಆರು ತಿಂಗಳು ಬಂದ್. ಕ್ಯಾಮೆರಾ ಬಂದರೆ ಮಗು ಕೇಳುವುದನ್ನು ಬಿಟ್ಟು ಕಾಣಿಸಿಕೊಳ್ಳುವುದನ್ನು ಶುರು ಮಾಡುತ್ತದೆ.

ವಿದ್ಯಾನಗರದಮ್ಮ · ಒಂಬತ್ತನೇ ವಾರ

ಹತ್ತು ದಿನ ನಾನೊಬ್ಬಳೇ ನುಡಿಸಿದೆ. ಮಾಯಾಮಾಳವಗೌಳ ಸಿಕ್ಕಿತು, ಹಾಗಂತ ಹೇಳಿಕೊಳ್ಳುತ್ತೇನೆ. ಹನ್ನೊಂದನೇ ದಿನ ಮಣೆ ಎಳೆದುಕೊಂಡು ತಾನಾಗಿ ಬಂದಳು. ಟವೆಲ್ ಮಡಚಿ ಕುರ್ಚಿ ಮೇಲಿನ ದಿಂಬಿನ ಮೇಲೆ ಹಾಕಿದಳು. ಈಗ ಅದು ಅವಳ ಆಸನ.

ಮೊನ್ನೆ ಗುರುವಾರ ಸಂಜೆ ಏಳರ ಹೊತ್ತಿಗೆ ಅಜ್ಜಿ ಮೆಟ್ಟಿಲು ನಡೆಯುತ್ತಿತ್ತು, ಬಳೆ ಕೈಯಲ್ಲಿ ತಾನೇ ಸ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಹತ್ತುತ್ತಾ ಇಳಿಯುತ್ತಾ. ಅರ್ಧದಲ್ಲಿ ಕರೆಂಟ್ ಹೋಯಿತು. ಕೀಬೋರ್ಡ್ ಸತ್ತುಹೋಯಿತು, ಮನೆ ಪೂರ್ತಿ ಕತ್ತಲು. ಬೆರಳು ನಿಲ್ಲಲಿಲ್ಲ. ಕೀಗಳ ಟಕ್ ಟಕ್ ಸದ್ದು ಬರುತ್ತಿತ್ತು, ಅದರ ಮೇಲೆ ಅವಳ ದನಿ: ಸ ರಿ ಗ ರಿ ಸ. ಕೀಬೋರ್ಡ್ ಹಾಡಬೇಕಿದ್ದ ಜಾಗದಲ್ಲಿ ಅವಳು ಹಾಡುತ್ತಿದ್ದಳು. ಮೂರು ಸಲ ಹತ್ತಿ ಇಳಿದಳು. ಅತ್ತೆ ದೇವರ ಮನೆಯಿಂದ ದೀಪ ತಂದು ಪಕ್ಕದಲ್ಲಿಟ್ಟರು, ಮಾತಾಡಲಿಲ್ಲ. ಮುಗಿಸಿದ ಮೇಲೆ ತಿರುಗಿ "ಕರೆಂಟ್ ಯಾವಾಗ ಹೋಯ್ತು?" ಅಂತ ಕೇಳಿದಳು.

ಪೇಟಿ ಮಾಸ್ತರ · ಒಂಬತ್ತನೇ ವಾರ

ಶ್ರುತಿ ನಿಂತಿತ್ತಾ?

ವಿದ್ಯಾನಗರದಮ್ಮ · ಒಂಬತ್ತನೇ ವಾರ

ಕರೆಂಟ್ ಬಂದ ಕೂಡಲೇ ಒತ್ತಿ ನೋಡಿದೆ. ಸ್ವಲ್ಪ ಇಳಿದಿತ್ತು.

ಪೇಟಿ ಮಾಸ್ತರ · ಒಂಬತ್ತನೇ ವಾರ

ಸ್ವಲ್ಪ ತಾನೆ. ಪರವಾಗಿಲ್ಲ.

ನಿಟುವಳ್ಳಿ ಅಣ್ಣ · ಒಂಬತ್ತನೇ ವಾರ

ಕೀಬೋರ್ಡ್ ತಿರುಗಿಸಿ ಹಿಂದೆ ನೋಡಿ, ಬ್ಯಾಟರಿ ಹಾಕುವ ಜಾಗ ಇರುತ್ತದೆ. ಸಾಮಾನ್ಯವಾಗಿ ಆರು ಸೆಲ್. ಡೆಮೊ ಬಟನ್ ಗಾಯ ಮಾಯ್ದಿದೆಯಾ?

ವಿದ್ಯಾನಗರದಮ್ಮ · ಒಂಬತ್ತನೇ ವಾರ

ಬ್ಯಾಂಡೇಜ್ ಇನ್ನೂ ಇದೆ, ದಿನಾ ಊದುತ್ತಾಳೆ. ಬ್ಯಾಟರಿ ಜಾಗ ಸಿಕ್ಕಿತು, ತಮ್ಮ ಹಾಕಿದ್ದ ಹಳೇ ಸೆಲ್‌ಗಳು ಸೋರಿ ಒಳಗೆಲ್ಲ ಬಿಳಿ ಪುಡಿ ಆಗಿದೆ. ಇದನ್ನು ತೆಗೆಯುವುದು ಹೇಗೆ?

ಕೋಟೆ ಅಪ್ಪ · ಒಂಬತ್ತನೇ ವಾರ

ಬರಿಗೈಯಲ್ಲಿ ಮುಟ್ಟಬೇಡಿ, ಮಗಳನ್ನು ದೂರ ಕೂರಿಸಿ. ಆಲ್ಕಲೈನ್ ಸೆಲ್ ಆಗಿದ್ದರೆ ಕಿವಿ ಕಡ್ಡಿಯ ಹತ್ತಿಗೆ ಒಂದು ಹನಿ ನಿಂಬೆರಸ ಅದ್ದಿ ಒರೆಸಿ, ಆಮೇಲೆ ಒಣ ಬಟ್ಟೆ. ಪೂರ್ತಿ ಒಣಗಿದ ಮೇಲೆ ಹೊಸ ಸೆಲ್ ಹಾಕಿ. ನೇಲ್ ಪಾಲಿಶ್ ನೀರು ಮಾತ್ರ ಬೇಡ.